ಗದರಿಕೆಗೆ ಸಿಗುವ ಪುಕ್ಕಟೆ ಕೀರ್ತಿ

ದಂಡಂ ದಶಗುಣಂ ಎಂಬ ಮಾತಿಗೆ ನಮ್ಮ ಶಾಲೆಗಳಲ್ಲಿದ್ದಷ್ಟೇ ಗೌರವ ಕಚೇರಿ, ಕಾರ್ಖಾನೆಗಳಲ್ಲೂ ಇದೆ. ಅನುಭವಸ್ಥ ಮ್ಯಾನೇಜರರನ್ನು ಕೇಳಿ ನೋಡಿ. ಹೊಗಳಿದ ಮರುತಿಂಗಳೇ ಕೆಲಸ ಸಡಿಲವಾಗುತ್ತದೆ, ಬಿಗಿಯಾಗಿ ಬೈದರೆ ಹಾದಿಗೆ ಬರುತ್ತಾರೆ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದಾರೆ. ಬೈಸಿಕೊಂಡವರು ಸುಧಾರಿಸಿದ್ದೂ ನಿಜ, ಹೊಗಳಿಸಿಕೊಂಡವರು ಜಾರಿದ್ದೂ ನಿಜ. ಬೈಗುಳಕ್ಕೆ ಕವಡೆಯಷ್ಟೂ ಶಕ್ತಿ ಇಲ್ಲದಿದ್ದರೂ ಇದೇ ದೃಶ್ಯ ಕಾಣುತ್ತಿತ್ತು ಎಂಬುದೇ ಇಲ್ಲಿನ ವಿಸ್ಮಯ. ನಾಯಕತ್ವದ ಶೈಲಿಗಳ ಪಟ್ಟಿ ಯಾವ ಮ್ಯಾನೇಜ್‌ಮೆಂಟ್ ಪಠ್ಯದಲ್ಲಾದರೂ ಸಿಗುತ್ತದೆ. ಕಟುವಾದ ಶೈಲಿ ಫಲ ಕೊಡುತ್ತದೆ ಎಂಬ ನಂಬಿಕೆ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಮಾತ್ರ ಹೆಚ್ಚಿನವು ಹೇಳುವುದಿಲ್ಲ.

ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯು. ಎಡ್ವರ್ಡ್ಸ್ ಡೆಮಿಂಗ್ ತಮ್ಮ ತರಬೇತಿ ಶಿಬಿರಗಳಲ್ಲಿ ಒಂದು ಪ್ರಯೋಗ ಮಾಡಿಸುತ್ತಿದ್ದರು. ಒಂದು ಪೆಟ್ಟಿಗೆಯಲ್ಲಿ 3,200 ಬಿಳಿ ಮಣಿಗಳು, 800 ಕೆಂಪು ಮಣಿಗಳು. 50 ಕುಳಿಗಳಿರುವ ಹಲಗೆಯನ್ನು ಅದರೊಳಗೆ ಅದ್ದಿ ಎತ್ತುವುದು ಕೆಲಸಗಾರನ ಕೆಲಸ. ಬಿಳಿ ಮಣಿ ಒಳ್ಳೆಯ ಮಾಲು, ಕೆಂಪು ಮಣಿ ದೋಷದ ಮಾಲು. ಸಭಿಕರಲ್ಲೇ ಆರು ಮಂದಿ ಕೆಲಸಗಾರರಾಗುತ್ತಿದ್ದರು, ಡೆಮಿಂಗ್ ಮೇಸ್ತ್ರಿ. ಕಡಿಮೆ ಕೆಂಪು ಮಣಿ ಬಂದವನಿಗೆ ಶಹಬ್ಬಾಸ್, ಹೆಚ್ಚು ಬಂದವನಿಗೆ ಛೀಮಾರಿ. ಕೊನೆಗೆ ಕಳಪೆ ಕೆಲಸಗಾರರನ್ನು ಮನೆಗೆ ಕಳಿಸುವುದೂ ಉಂಟು.

ಐದರಲ್ಲಿ ಒಂದು ಮಣಿ ಕೆಂಪು. ಆದ್ದರಿಂದ ಒಂದು ಹಲಗೆಯಲ್ಲಿ ಸರಾಸರಿ 10 ಕೆಂಪು ಮಣಿ ಬರಬೇಕು. ಆದರೆ ಪ್ರತಿ ಬಾರಿಯೂ ಸರಿಯಾಗಿ 10 ಬರುವುದಿಲ್ಲ, ಒಮ್ಮೆ 7, ಒಮ್ಮೆ 12. ಒಬ್ಬನಿಗೆ 15 ಬಂತು ಎನ್ನೋಣ. ಮೇಸ್ತ್ರಿ ಕೆಂಡಾಮಂಡಲ. ಮಣಿಗಳನ್ನು ಮರಳಿ ಸುರಿದು, ಕಲಸಿ, ಆತ ಮತ್ತೆ ಹಲಗೆ ಅದ್ದುತ್ತಾನೆ. ಈ ಸಲ 15ಕ್ಕಿಂತ ಕಡಿಮೆ ಬರುವ ಸಂಭವ ಎಷ್ಟು? ಲೆಕ್ಕ ಹಾಕಿದರೆ ನೂರಕ್ಕೆ ಸುಮಾರು 94. ಅಂದರೆ ಮೇಸ್ತ್ರಿಯ ಗದರಿಕೆ ನೂರರಲ್ಲಿ 94 ಬಾರಿ ಕೆಲಸ ಮಾಡಿದಂತೆ ತೋರುತ್ತದೆ! ಇನ್ನು 5 ಮಣಿ ಬಂದು ಬೆನ್ನು ತಟ್ಟಿಸಿಕೊಂಡವನ ಪಾಡು? ಮುಂದಿನ ಸಲ ಅವನ ಫಲಿತಾಂಶ ಕೆಡುವ ಸಂಭವ ನೂರಕ್ಕೆ 95. ಹೊಗಳಿಕೆ ತಲೆಗೇರಿತು ಎಂದು ಎಲ್ಲರೂ ಒಪ್ಪುತ್ತಾರೆ. ಮಣಿಗಳಿಗೆ ಕಿವಿ ಇಲ್ಲ, ಕೆಲಸಗಾರನ ಕೈಯಲ್ಲಿ ಕೌಶಲದ ಪಾತ್ರವೂ ಇಲ್ಲ. ಆದರೂ ನೋಡುವವರಿಗೆ ದಂಡಂ ದಶಗುಣಂ ಸಾಬೀತಾಗಿಬಿಟ್ಟಿತು.

ಇದನ್ನು ಕಾಕತಾಳೀಯ ಎಂದು ತಳ್ಳಿಹಾಕುವಂತೆಯೂ ಇಲ್ಲ. ಕಾಗೆ ಕೂತಾಗ ಕೊಂಬೆ ಮುರಿಯುವುದು ಅಪರೂಪಕ್ಕೊಮ್ಮೆ, ಇದು ಬಹುತೇಕ ಪ್ರತಿ ಸಲವೂ ನಡೆಯುತ್ತದೆ. ಏಕೆಂದರೆ ನಾವು ಬೈಯುವುದೇ ಫಲಿತಾಂಶ ತೀರಾ ಕೆಳಗಿಳಿದಾಗ. ಜ್ವರ ನೆತ್ತಿಗೇರಿದ ರಾತ್ರಿ ಕಟ್ಟಿಸಿದ ತಾಯಿತಕ್ಕೆ ಮರುದಿನ ಜ್ವರ ಇಳಿದ ಕೀರ್ತಿ ಸಿಗುವುದೂ ಹೀಗೆಯೇ. ಅಲ್ಲಿ ಮೋಸ ಹೋಗುವವರನ್ನು ನೋಡಿ ಮರುಗುವ ವಿದ್ಯಾವಂತರು ಮಾಸಿಕ ಪರಿಶೀಲನಾ ಸಭೆಯಲ್ಲಿ ಅದೇ ತರ್ಕಕ್ಕೆ ತಲೆಬಾಗುತ್ತಾರೆ ಎಂಬುದು ನನಗೆ ನಿಜವಾಗಿಯೂ ಚಿಂತೆಯ ವಿಷಯ.

ಇದನ್ನು ಮೊದಲು ಗುರುತಿಸಿದವರು ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್. 1886ರಲ್ಲಿ ಅವರು 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರವನ್ನು ತಾಳೆ ನೋಡಿದರು. ಬಹಳ ಎತ್ತರದ ತಂದೆತಾಯಿಗಳ ಮಕ್ಕಳು ಎತ್ತರವೇ, ಆದರೆ ಸರಾಸರಿಯಲ್ಲಿ ಹೆತ್ತವರಷ್ಟಲ್ಲ. ಹಾಗಾದರೆ ಮನುಷ್ಯರೆಲ್ಲ ಕ್ರಮೇಣ ಒಂದೇ ಎತ್ತರಕ್ಕೆ ಬರುತ್ತಿದ್ದಾರೆಯೇ? ಇಲ್ಲ. ತಿರುಗಿಸಿ ನೋಡಿದರೆ, ಬಹಳ ಎತ್ತರದ ಮಕ್ಕಳ ಹೆತ್ತವರೂ ಸರಾಸರಿಯಲ್ಲಿ ಆ ಮಕ್ಕಳಷ್ಟು ಎತ್ತರವಿಲ್ಲ. ಯಾವ ತುದಿಯಿಂದ ಆರಿಸಿದರೂ ಇನ್ನೊಂದು ತುದಿ ಸರಾಸರಿಯ ಹತ್ತಿರ ಕಾಣುತ್ತದೆ. ಇದನ್ನೇ ಸರಾಸರಿಯೆಡೆಗೆ ಮರಳುವಿಕೆ ಎನ್ನುತ್ತಾರೆ.

ಗಾಲ್ಟನ್ ನಂತರವೂ ಪಂಡಿತರು ಎಡವಿದರು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಹೊರೇಸ್ ಸೀಕ್ರಿಸ್ಟ್ ವರ್ಷಗಟ್ಟಲೆ ವ್ಯಾಪಾರ ಸಂಸ್ಥೆಗಳ ಲೆಕ್ಕಪತ್ರ ಕಲೆಹಾಕಿ, 1933ರಲ್ಲಿ ದಪ್ಪ ಗ್ರಂಥವೊಂದನ್ನು ಪ್ರಕಟಿಸಿದರು. ಆರಂಭದಲ್ಲಿ ಮುಂದಿದ್ದ ಸಂಸ್ಥೆಗಳು ಹಿಂದೆ ಸರಿದಿದ್ದವು, ಹಿಂದಿದ್ದವು ಮೇಲೆ ಬಂದಿದ್ದವು. ಸ್ಪರ್ಧೆಯು ಎಲ್ಲರನ್ನೂ ಸಾಧಾರಣ ಮಟ್ಟಕ್ಕೆ ಎಳೆಯುತ್ತದೆ ಎಂದು ಅವರು ತೀರ್ಮಾನಿಸಿದರು. ಆ ಗ್ರಂಥಕ್ಕೆ ವಿಮರ್ಶೆ ಬರೆದ ಸಂಖ್ಯಾಶಾಸ್ತ್ರಜ್ಞ ಹೆರಾಲ್ಡ್ ಹೋಟೆಲಿಂಗ್ ನೇರವಾಗಿ ಬುಡಕ್ಕೇ ಕೈಹಾಕಿದರು: ಸಂಸ್ಥೆಗಳನ್ನು ಮೊದಲ ವರ್ಷದ ಬದಲು ಕೊನೆಯ ವರ್ಷದ ಸಾಧನೆಯಂತೆ ವಿಂಗಡಿಸಿದ್ದರೆ ಚಿತ್ರ ತಲೆಕೆಳಗಾಗುತ್ತಿತ್ತು, ಒಟ್ಟಿಗಿದ್ದವು ದೂರ ಸರಿದಂತೆ ಕಾಣುತ್ತಿತ್ತು. ಇಷ್ಟು ವರ್ಷಗಳ ಶ್ರಮ ವ್ಯಾಪಾರದ ಬಗ್ಗೆ ಏನನ್ನೂ ಸಾಧಿಸಿರಲಿಲ್ಲ.

1960ರ ದಶಕದಲ್ಲಿ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಪಾಠ ಮಾಡುತ್ತಿದ್ದಾಗ ಒಬ್ಬರು ಎದ್ದು ನಿಂತು ಹೊಗಳಿದರೆ ಹಾರಾಟ ಕೆಡುತ್ತದೆ, ಕಿರುಚಿದರೆ ಸರಿಹೋಗುತ್ತದೆ ಎಂದು ವಾದಿಸಿದರು. ಕಾನೆಮನ್ ನೆಲದ ಮೇಲೆ ಗುರಿ ಗುರುತಿಸಿ, ಬೆನ್ನ ಹಿಂದಕ್ಕೆ ಎರಡೆರಡು ಬಾರಿ ನಾಣ್ಯ ಎಸೆಯಲು ಎಲ್ಲರಿಗೂ ಹೇಳಿದರು. ಯಾರನ್ನೂ ಹೊಗಳಲಿಲ್ಲ, ಬೈಯಲಿಲ್ಲ. ಮೊದಲ ಸಲ ಗುರಿಗೆ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೆಯ ಸಲ ಕೆಟ್ಟರು, ದೂರ ಎಸೆದವರು ಸುಧಾರಿಸಿದರು.

ಹಾಗಾದರೆ ಯಾವ ಏರಿಳಿತಕ್ಕೆ ತಲೆಕೆಡಿಸಿಕೊಳ್ಳಬೇಕು? ಬೆಲ್ ಟೆಲಿಫೋನ್ ಬಳಗದ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ 1924ರ ಮೇ ತಿಂಗಳಲ್ಲಿ ಇದಕ್ಕೊಂದು ಸಾಧನ ಸೂಚಿಸಿದರು. ಅದೇ ನಿಯಂತ್ರಣ ನಕ್ಷೆ. ಫಲಿತಾಂಶಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹರಡುತ್ತವೆ ಎಂಬುದರ ಅಳತೆಯೇ ಮಾನಕ ವಿಚಲನೆ. ಸರಾಸರಿಯ ಮೇಲೆ ಮೂರು, ಕೆಳಗೆ ಮೂರು ಮಾನಕ ವಿಚಲನೆಗಳಷ್ಟು ದೂರದಲ್ಲಿ ಗೆರೆ ಎಳೆಯಬೇಕು. ಮಣಿ ಪ್ರಯೋಗದಲ್ಲಿ ಮಾನಕ ವಿಚಲನೆ ಸುಮಾರು 2.8. ಹಾಗಾಗಿ 2ರಿಂದ 18ರವರೆಗಿನ ಯಾವ ಸಂಖ್ಯೆ ಬಂದರೂ ಅದು ಪೆಟ್ಟಿಗೆಯ ಸ್ವಭಾವ, ಯಾರನ್ನೂ ಕರೆದು ವಿವರಣೆ ಕೇಳುವಂತಿಲ್ಲ. 25 ಬಂದರೆ ಮಾತ್ರ ಏನೋ ನಿರ್ದಿಷ್ಟ ಕಾರಣವಿದೆ ಎಂದು ಹುಡುಕಬೇಕು. ಈ ವಿದ್ಯೆಯನ್ನು ತಿಳಿಸಲು ನಮ್ಮ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೊಬಿಸ್ ಅವರ ಆಹ್ವಾನದ ಮೇಲೆ ಶೂಹಾರ್ಟ್ 1947-48ರಲ್ಲಿ ಭಾರತಕ್ಕೂ ಬಂದಿದ್ದರು.

15 ಬಂದವನನ್ನು ತೆಗೆದು 5 ಬಂದವನನ್ನು ಇಟ್ಟುಕೊಂಡರೂ ಮುಂದಿನ ಸರಾಸರಿ 10ರಲ್ಲೇ ನಿಲ್ಲುತ್ತದೆ. ಕೆಂಪು ಮಣಿ ಕಡಿಮೆಯಾಗಬೇಕಾದರೆ ಪೆಟ್ಟಿಗೆಗೆ ಬರುವ ಮಾಲೇ ಬದಲಾಗಬೇಕು, ಆ ತೀರ್ಮಾನ ಮಾಡುವ ಅಧಿಕಾರ ಮೇಲಿನವರ ಬಳಿ ಮಾತ್ರ ಇದೆ. ನಿಜವಾದ ಕೆಲಸದಲ್ಲಿ ಕೌಶಲ, ಸೋಮಾರಿತನ ಎರಡೂ ಇರುತ್ತವೆ, ಗದರಿಕೆ ಕೆಲವೊಮ್ಮೆ ತಟ್ಟಲೂಬಹುದು. ಅದನ್ನು ತಿಳಿಯಲು ದಾರಿಯೊಂದಿದೆ. ಫಲಿತಾಂಶ ತೀರಾ ಕೆಟ್ಟವರ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ಅರ್ಧದಷ್ಟನ್ನು ಎತ್ತಿ, ಅವರಿಗೆ ಮಾತ್ರ ಏನೂ ಹೇಳದೆ ಬಿಡಬೇಕು. ಮುಂದಿನ ತಿಂಗಳು ಬೈಸಿಕೊಂಡವರೂ ಸುಮ್ಮನೆ ಬಿಟ್ಟವರೂ ಎಷ್ಟೆಷ್ಟು ಸುಧಾರಿಸಿದರು ಎಂದು ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸವಷ್ಟೇ ಬೈಗುಳದ ಸಂಪಾದನೆ.