ಎತ್ತುವವರು ಯಾರು?

ಕಳೆದ ತಿಂಗಳು ಗುಬ್ಬಿ ಕಡೆಯ ತೋಟದವರೊಬ್ಬರು ತುಮಕೂರಿನ ನನ್ನ ಕ್ಲಿನಿಕ್ಕಿಗೆ ಬಂದರು. ಜೊತೆಯಲ್ಲಿ ನಾಯಿ ಇರಲಿಲ್ಲ, ಫೋನಿನಲ್ಲಿ ಒಂದು ಫೋಟೊ ಇತ್ತು. ನಲವತ್ತು ದಿನದ ಗ್ರೇಟ್ ಡೇನ್ ಮರಿ. ಮೈ ಪುಟ್ಟದು, ಪಾದಗಳು ಮಾತ್ರ ಅಪ್ಪನ ಚಪ್ಪಲಿ ಮೆಟ್ಟಿಕೊಂಡ ಮಗುವಿನವು.

"ಮಗ ತರ್ತೀನಿ ಅಂತಾವ್ನೆ ಡಾಕ್ಟ್ರೇ. ತೋಟದ್ ಮನೆ ಕಾಯಾಕ್ ಆಯ್ತದೆ. ಏನಂತೀರ?"

"ನಿಮ್ಮನೇಲಿ ಗಾಡಿಯಿಂದ ಬೂಸಾ ಚೀಲ ಇಳಿಸೋರು ಯಾರು ಗೌಡ್ರೇ?" ಅಂದೆ.

ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ. ಬೂಸಾ ಚೀಲ ಐವತ್ತು ಕೆ.ಜಿ. ಆಸುಪಾಸು. ಗಂಡು ಗ್ರೇಟ್ ಡೇನ್ ಬೆಳೆದು ನಿಂತರೆ 55ರಿಂದ 80 ಕೆ.ಜಿ. ಸೇಂಟ್ ಬರ್ನಾರ್ಡ್‌ದೂ ಹೆಚ್ಚುಕಮ್ಮಿ ಅದೇ ಲೆಕ್ಕ. ಇಂಗ್ಲಿಷ್ ಮ್ಯಾಸ್ಟಿಫ್ ನೂರರ ಹತ್ತಿರಕ್ಕೂ ಹೋಗುತ್ತದೆ. ಚೀಲವಾದರೆ ಎರಡು ಮೂಲೆ ಹಿಡಿದು ಬೆನ್ನಿಗೆ ಹಾಕಿಕೊಳ್ಳಬಹುದು. ನೋವಿನಲ್ಲಿ ಮಲಗಿದ ನಾಯಿಗೆ ಹಿಡಿಯಲು ಮೂಲೆಯೇ ಇಲ್ಲ. ಹಿಡಿದ ಕಡೆ ಜಾರುತ್ತದೆ, ನೋವಿರುವ ಜಾಗಕ್ಕೆ ಕೈ ತಾಗಿದರೆ ಸಾಕಿದವರನ್ನೇ ಕಚ್ಚುತ್ತದೆ.

ದೈತ್ಯ ತಳಿಯ ನಾಯಿ ತರಬೇಕೆನ್ನುವವರು ನನ್ನನ್ನು ಎಷ್ಟು ತಿನ್ನುತ್ತದೆ ಎಂದು ಕೇಳುತ್ತಾರೆ, ಮಕ್ಕಳನ್ನು ಕಚ್ಚುತ್ತದೆಯೇ ಎಂದು ಕೇಳುತ್ತಾರೆ, ಕೂದಲು ಉದುರುತ್ತದೆಯೇ ಎಂದೂ ಕೇಳುತ್ತಾರೆ. ರಾತ್ರಿ ಎರಡು ಗಂಟೆಗೆ ಅದನ್ನು ಎತ್ತಿ ಕಾರಿಗೆ ಹಾಕುವವರು ಯಾರು ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಆದ್ದರಿಂದ ನಾನೇ ಕೇಳುತ್ತೇನೆ.

ಅದಕ್ಕೆ ಸಾಮಾನ್ಯವಾಗಿ ಬರುವ ಉತ್ತರ "ಮಗ ಇದ್ದಾನಲ್ಲ" ಎಂದು. ಮರಿ ತರುವಾಗ ಮಗನಿಗೆ ಇಪ್ಪತ್ತೆರಡು, ಕೊನೆಯ ಸೆಮಿಸ್ಟರ್. ಗ್ರೇಟ್ ಡೇನ್‌ನ ಆಯಸ್ಸು ಏಳರಿಂದ ಹತ್ತು ವರ್ಷ. ಐರಿಷ್ ವುಲ್ಫ್‌ಹೌಂಡ್‌ಗೆ ಅದಕ್ಕಿಂತಲೂ ಕಡಿಮೆ. ನಾಯಿಗಳಲ್ಲಿ ಮೈ ದೊಡ್ಡದಾದಷ್ಟೂ ಮುಪ್ಪು ಬೇಗ. ಗಿನ್ನೆಸ್ ದಾಖಲೆ ಸೇರಿದ ಅಮೆರಿಕದ ಜೀಯಸ್ (Zeus) ಎಂಬ ಗ್ರೇಟ್ ಡೇನ್ ಭುಜದವರೆಗೆ 111.8 ಸೆಂ.ಮೀ. ಎತ್ತರವಿತ್ತು, 2014ರಲ್ಲಿ ಸಾಯುವಾಗ ಅದಕ್ಕೆ ಬರೀ ಐದು ವರ್ಷ. ಅಂದರೆ ನಾಯಿಗೆ ಹಿಂಗಾಲು ಸೋಲುವ ಹೊತ್ತಿಗೆ ಮಗನಿಗೆ ಇಪ್ಪತ್ತೆಂಟೋ ಮೂವತ್ತೋ. ನಮ್ಮೂರಿನ ಮಕ್ಕಳು ಆ ವಯಸ್ಸಿಗೆ ಎಲ್ಲಿರುತ್ತಾರೆಂದು ಬೆಳಗಿನ ಬೆಂಗಳೂರು ರೈಲು ಹತ್ತಿದವರಿಗೆ ಗೊತ್ತು. ಮರಿ ತಂದವನು ವೈಟ್‌ಫೀಲ್ಡ್‌ನಲ್ಲಿ, ನಾಯಿ ಇಲ್ಲಿ, ಅದರ ಪಕ್ಕದಲ್ಲಿ ಮಂಡಿನೋವಿನ ಅಪ್ಪ ಅಮ್ಮ.

ಎಸ್.ಎಸ್. ಪುರಂನಲ್ಲಿ ನಿವೃತ್ತ ಮೇಷ್ಟ್ರು ದಂಪತಿಯ ಮನೆಯಲ್ಲಿ ಇದನ್ನೇ ಕಂಡೆ. ಮೊದಲ ಮಹಡಿಯ ಮನೆ, ತಿರುವಿರುವ ಮೆಟ್ಟಿಲು. ಏಳು ವರ್ಷದ ಡೇನ್ ಮೂರು ದಿನದಿಂದ ಎದ್ದಿರಲಿಲ್ಲ. ಮಲಗಿದಲ್ಲೇ ಉಚ್ಚೆ, ಸೊಂಟದ ಮೇಲೆ ಹುಣ್ಣು ಶುರುವಾಗಿತ್ತು. ಕೆಳಗಿನ ಹಾರ್ಡ್‌ವೇರ್ ಅಂಗಡಿಯ ಹುಡುಗರನ್ನು ಕರೆದು, ಮೇಷ್ಟ್ರ ಮನೆಯ ಕಂಬಳಿಯನ್ನು ನಾಯಿಯ ಅಡಿಗೆ ತೂರಿಸಿ, ನಾಲ್ಕು ಮೂಲೆ ನಾಲ್ಕು ಜನ ಹಿಡಿದು ಇಳಿಸಿದೆವು. ಅಂದಹಾಗೆ, ದೊಡ್ಡ ನಾಯಿ ಇರುವ ಮನೆಯಲ್ಲಿ ಒಂದು ಗಟ್ಟಿ ಕಂಬಳಿ ಇರಲೇಬೇಕು. ಬೆಡ್‌ಶೀಟ್ ಹರಿಯುತ್ತದೆ.

ಇನ್ನು ರಾತ್ರಿ ಎರಡು ಗಂಟೆ ಎಂದೆನಲ್ಲ, ಅದರ ಕಥೆ. ಹಸುವಿನ ಹೊಟ್ಟೆ ಉಬ್ಬರ ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತು. ಎದೆ ಆಳವಾಗಿರುವ ದೊಡ್ಡ ನಾಯಿಗಳಿಗೂ ಹೊಟ್ಟೆ ಉಬ್ಬುತ್ತದೆ, ಆದರೆ ಅಲ್ಲಿ ಉಬ್ಬುವುದರ ಜೊತೆಗೆ ಹೊಟ್ಟೆ ತಿರುಚಿಕೊಳ್ಳುತ್ತದೆ. ನೀರು ತುಂಬಿದ ಬಲೂನಿನ ಎರಡೂ ತುದಿ ಹಿಡಿದು ತಿರುವಿದ ಹಾಗೆ ಅನ್ನನಾಳದ ಬಾಯಿಯೂ ಮುಚ್ಚುತ್ತದೆ, ಕರುಳಿಗೆ ಹೋಗುವ ದಾರಿಯೂ ಮುಚ್ಚುತ್ತದೆ. ಗಾಳಿ ಹೊರಬರಲಾರದು. ಉಬ್ಬಿದ ಹೊಟ್ಟೆ ದೊಡ್ಡ ರಕ್ತನಾಳಗಳನ್ನು ಒತ್ತಿ, ಹೃದಯಕ್ಕೆ ರಕ್ತ ಮರಳುವುದು ಕಡಿಮೆಯಾಗಿ, ರಕ್ತದೊತ್ತಡ ಕುಸಿದು ನಾಯಿ ಶಾಕ್‌ಗೆ ಜಾರುತ್ತದೆ. ಇದೆಲ್ಲ ಕೆಲವೇ ಗಂಟೆಗಳ ಮಾತು. ಗ್ರೇಟ್ ಡೇನ್‌ಗಳಲ್ಲಿ ಈ ಅಪಾಯ ಉಳಿದೆಲ್ಲ ತಳಿಗಳಿಗಿಂತ ಮುಂದು.

ಗುರುತು ಸುಲಭ, ನೋಡುವ ಕಣ್ಣು ಬೇಕು. ನಾಯಿ ಓಕರಿಸುತ್ತದೆ, ಆದರೆ ವಾಂತಿ ಬರುವುದಿಲ್ಲ, ಬರೀ ನೊರೆ. ಕೂರುತ್ತದೆ, ಏಳುತ್ತದೆ, ಹೊಟ್ಟೆಯ ಕಡೆ ತಿರುಗಿ ನೋಡುತ್ತದೆ. ಜೊಲ್ಲು ಸುರಿಯುತ್ತದೆ. ಪಕ್ಕೆ ಬಡಿದರೆ ತಮಟೆಯ ಸದ್ದು. ಈ ಹೊತ್ತಿನಲ್ಲಿ ಹಸುವಿಗೆ ಕುಡಿಸುವಂತೆ ಗೊಟ್ಟದಲ್ಲಿ ಎಣ್ಣೆ ಕುಡಿಸಿ ತಂದವರಿದ್ದಾರೆ. ಹೊಟ್ಟೆಯ ಬಾಯಿ ಮುಚ್ಚಿರುವಾಗ ಎಣ್ಣೆ ಹೋಗುವುದು ಶ್ವಾಸಕೋಶಕ್ಕೆ. ದಯವಿಟ್ಟು ಏನನ್ನೂ ಕುಡಿಸಬೇಡಿ, ಕಾರು ತೆಗೆಯಿರಿ.

ಕಾರು ತೆಗೆದು ಎಲ್ಲಿಗೆ? ನಾನು ಸೂಜಿ ಹಾಕಿ ಗಾಳಿ ಇಳಿಸಿ, ಡ್ರಿಪ್ ಕೊಟ್ಟು ಸ್ವಲ್ಪ ಸಮಯ ಗಳಿಸಿಕೊಡಬಲ್ಲೆ. ಹೊಟ್ಟೆ ತೆರೆದು ತಿರುಚು ಬಿಡಿಸಲು ಆ ತೂಕಕ್ಕೆ ತಕ್ಕ ಅರಿವಳಿಕೆ ಯಂತ್ರ, ಮೇಜು, ರಕ್ತ, ನಾಲ್ಕು ಜೋಡಿ ಕೈ ಬೇಕು. ನಡುರಾತ್ರಿ ಅಂದರೆ ಬೆಂಗಳೂರೇ. ಎಪ್ಪತ್ತು ಕಿಲೋಮೀಟರ್. ರಾತ್ರಿಯಾದರೆ ಒಂದೂಕಾಲು ಗಂಟೆ, ಸಂಜೆಯಾದರೆ ನೆಲಮಂಗಲ ದಾಟಿ ಗೊರಗುಂಟೆಪಾಳ್ಯದಲ್ಲಿ ನಿಮ್ಮ ಹಣೆಬರಹ. ಹಾಗಾಗಿ ಡೇನ್ ಸಾಕುವವರಿಗೆ ನನ್ನದೊಂದು ಒತ್ತಾಯವಿದೆ: ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವಾಗಲೇ ಹೊಟ್ಟೆಯನ್ನು ಪಕ್ಕೆಯ ಒಳಗೋಡೆಗೆ ಹೊಲಿಸಿಬಿಡಿ. ಆಗಲೂ ಹೊಟ್ಟೆ ಉಬ್ಬಬಹುದು, ಆದರೆ ತಿರುಚುವುದು ಬಹುಮಟ್ಟಿಗೆ ತಪ್ಪುತ್ತದೆ. ದಿನದ ಊಟವನ್ನು ಒಂದೇ ಸಲ ಸುರಿಯದೆ ಎರಡು ಮೂರು ಸಲ ಕೊಡಿ. ಮರಿಯ ಅಪ್ಪನಿಗೋ ಅಮ್ಮನಿಗೋ ಹೊಟ್ಟೆ ತಿರುಚಿತ್ತೇ ಎಂದು ಮಾರುವವರನ್ನು ಕೇಳಿ. ಇದು ವಂಶದಲ್ಲಿ ಬರುತ್ತದೆ.

ಎರಡನೆಯದು ಕ್ಯಾಲ್ಸಿಯಂ. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಡೇನ್ ಮರಿ ಹುಟ್ಟುವಾಗ ಅರ್ಧ ಕೆ.ಜಿ. ಚಿಲ್ಲರೆ ಇದ್ದು, ಒಂದೂವರೆ ವರ್ಷದಲ್ಲಿ ಅದರ ನೂರು ಪಟ್ಟಾಗುತ್ತದೆ. ಇಷ್ಟು ಬೇಗ ಬೆಳೆಯುವ ಮೂಳೆಗೆ ಹೆಚ್ಚು ಕ್ಯಾಲ್ಸಿಯಂ ಬೇಡವೇ ಎಂದು ಮರಿಯ ಜೊತೆಗೇ ಒಂದು ಸಿರಪ್ ಬಾಟಲಿ ಮಾರುತ್ತಾರೆ. ಅದರ ಮೇಲೆ ಮನೆಯ ಅಜ್ಜಿ ಕುಡಿಸುವ ಹಾಲು, ಅದರ ಮೇಲೆ ಮೂಳೆಪುಡಿ. ಬೆಳೆದ ನಾಯಿಯ ಕರುಳು ಬೇಕಾದಷ್ಟೇ ಕ್ಯಾಲ್ಸಿಯಂ ಎಳೆದುಕೊಂಡು ಉಳಿದದ್ದನ್ನು ಬಿಡುತ್ತದೆ. ಎಳೆ ಮರಿಗೆ ಆ ಕಡಿವಾಣ ಇರುವುದಿಲ್ಲ, ಕೊಟ್ಟದ್ದರಲ್ಲಿ ಬಹುಪಾಲು ಒಳಗೆ ಹೋಗುತ್ತದೆ. ಮೃದ್ವಸ್ಥಿ ಸರಿಯಾಗಿ ಮೂಳೆಯಾಗದೆ ಕೀಲು ಕೆಡುತ್ತದೆ, ಮುಂಗಾಲು ಸೊಟ್ಟಗಾಗುತ್ತದೆ. 1985ರಲ್ಲೇ ನೆದರ್‌ಲ್ಯಾಂಡ್ಸ್‌ನ ಉಟ್ರೆಕ್ಟ್‌ನ ಪಶುವೈದ್ಯರು ಗ್ರೇಟ್ ಡೇನ್ ಮರಿಗಳಲ್ಲೇ ಇದನ್ನು ತೋರಿಸಿಕೊಟ್ಟಿದ್ದಾರೆ. ದೊಡ್ಡ ತಳಿಯ ಮರಿಗಳಿಗೆಂದೇ ಬರುವ ಆಹಾರ ಕೊಡುತ್ತಿದ್ದರೆ ಅದರ ಮೇಲೆ ಸಿರಪ್ ಬೇಕಿಲ್ಲ. ಮರಿ ದುಂಡಗಾಗುವುದೂ ಬೇಡ, ಪಕ್ಕೆಲುಬು ಕೈಗೆ ಸಿಗುವ ಹಾಗಿರಲಿ. ನೆಂಟರು "ಏನ್ರೀ ಇಷ್ಟು ಸಣ್ಣ" ಅಂದರೆ ಅನ್ನಲಿ.

ಖರ್ಚಿನ ವಿಷಯದಲ್ಲಿ ಮರಿಯ ಬೆಲೆ ಲೆಕ್ಕಕ್ಕೇ ಇಲ್ಲ. ಅರವತ್ತು ಕೆ.ಜಿ.ಯ ನಾಯಿಗೆ ದಿನಕ್ಕೆ ಸುಮಾರು 2,400 ಕ್ಯಾಲೊರಿ ಬೇಕು. ಒಣ ಆಹಾರವಾದರೆ ತಿಂಗಳಿಗೆ ಇಪ್ಪತ್ತು ಕೆ.ಜಿ. ಮುದ್ದೆ-ಮೊಸರಿನಲ್ಲಿ ಸಾಗಿಸುತ್ತೇವೆ ಎನ್ನುವವರಿಗೆ ಒಂದು ಮಾತು: ಹೊಟ್ಟೆ ತುಂಬುತ್ತದೆ, ಸ್ನಾಯು ತುಂಬುವುದಿಲ್ಲ. ಮೊಟ್ಟೆ, ಕೋಳಿ ಬೇಕು. ಔಷಧಿಯೆಲ್ಲ ತೂಕದ ಮೇಲೆ. ಉಣ್ಣಿ ಕಚ್ಚಿ ಬರುವ ಜ್ವರ ನಮ್ಮಲ್ಲಿ ವರ್ಷಪೂರ್ತಿ ಇದೆ. ಅದರಲ್ಲಿ ಎರ್ಲಿಕಿಯಾ ಎಂಬುದಕ್ಕೆ ಡಾಕ್ಸಿಸೈಕ್ಲಿನ್ ಮಾತ್ರೆ ಕೆ.ಜಿ.ಗೆ 10 ಮಿ.ಗ್ರಾಂ.ನಂತೆ 28 ದಿನ. ಹತ್ತು ಕೆ.ಜಿ.ಯ ನಾಯಿಗೆ ನೂರು ಮಿ.ಗ್ರಾಂ.ನ 28 ಮಾತ್ರೆ, ಈ ಅರವತ್ತು ಕೆ.ಜಿ.ಯ ನಾಯಿಗೆ 168. ಅರಿವಳಿಕೆ, ಡ್ರಿಪ್, ಎಲ್ಲಕ್ಕೂ ಇದೇ ಗುಣಾಕಾರ.

ಮನೆಯೊಳಗಿನ ತೊಂದರೆಗಳು ಯಾರೂ ಹೇಳದಂಥವು. ಮೂವತ್ತು-ನಲವತ್ತರ ಸೈಟಿನ ಮನೆಯಲ್ಲಿ ಡೇನ್ ಖುಷಿಯಾಗಿ ಬಾಲ ಆಡಿಸಿದರೆ ಬಾಲದ ತುದಿ ಗೋಡೆಗೆ, ಬಾಗಿಲಿಗೆ ಬಡಿದು ಒಡೆಯುತ್ತದೆ. ಕಟ್ಟಿದ ಪಟ್ಟಿ ನಿಲ್ಲುವುದಿಲ್ಲ, ಗೋಡೆಯ ತುಂಬ ರಕ್ತದ ಚುಕ್ಕೆ. ಗ್ರಾನೈಟ್ ನೆಲದಲ್ಲಿ ಮಲಗಿ ಮಲಗಿ ಮೊಣಕೈ ಜಡ್ಡುಗಟ್ಟಿ ನೀರು ತುಂಬುತ್ತದೆ. ನುಣುಪು ಟೈಲ್ಸ್ ಮೇಲೆ ಹಿಂಗಾಲು ಜಾರಿ ಬಿದ್ದ ಮುದಿ ನಾಯಿ ಮತ್ತೆ ಏಳಲು ಹೆದರುತ್ತದೆ. ರಬ್ಬರ್ ಮ್ಯಾಟು, ದಪ್ಪ ಹಾಸಿಗೆ ಮೊದಲ ದಿನದಿಂದಲೇ ಬೇಕು.

ಸೇಂಟ್ ಬರ್ನಾರ್ಡ್ ಬಗ್ಗೆ ಹೆಚ್ಚು ಹೇಳಲಾರೆ. ಆಲ್ಪ್ಸ್‌ನ 2,469 ಮೀಟರ್ ಎತ್ತರದ ಹಿಮದ ಕಣಿವೆದಾರಿಯಲ್ಲಿ ದಾರಿ ತಪ್ಪಿದವರನ್ನು ಹುಡುಕುತ್ತಿದ್ದ ನಾಯಿ ಅದು. ಸೋಲಾರ್ ಪಾರ್ಕ್ ಮಾಡಲು ಆರಿಸುವಷ್ಟು ಬಿಸಿಲಿರುವ ಪಾವಗಡದಲ್ಲಿ ಅದನ್ನು ಕಂಡಾಗ ನಾಲಿಗೆ ನೆಲ ಮುಟ್ಟುತ್ತಿತ್ತು. ಬೇಸಿಗೆಯಲ್ಲಿ ಏಸಿ ಇಲ್ಲದ ಮನೆಗೆ ಬೇಡ ಎನ್ನುತ್ತೇನೆ, ಚರ್ಚೆ ಮಾಡುವುದಿಲ್ಲ.

ಕಾನೂನಿನ ಬಗ್ಗೆಯೂ ಎರಡು ಮಾತು ಸಾಕು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ನಿರ್ಬಂಧಿಸಲು ಹೊರಡಿಸಿದ ಸುತ್ತೋಲೆಯನ್ನು ಮರು ತಿಂಗಳೇ ಕರ್ನಾಟಕ ಹೈಕೋರ್ಟ್ ರದ್ದು ಮಾಡಿತು. ಅದರಲ್ಲಿ ಮ್ಯಾಸ್ಟಿಫ್‌ಗಳಿದ್ದವು, ಗ್ರೇಟ್ ಡೇನ್ ಇರಲಿಲ್ಲ. ಇನ್ನು ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲವೆಂದು 2017ರ ನಿಯಮವೇ ಇದೆ. ಗೌಡರ ಫೋಟೊದ ಮರಿಗೆ ನಲವತ್ತು ದಿನ.

ಅವರ ತೋಟದ ಕಾವಲಿನ ವಿಷಯಕ್ಕೆ ಬರುತ್ತೇನೆ. ಗುಬ್ಬಿ, ಕುಣಿಗಲ್ ಕಡೆ ಚಿರತೆ ಹೊಸದಲ್ಲ. ಸರಪಣಿಯಲ್ಲಿ ಕಟ್ಟಿದ ನಾಯಿ ಎಷ್ಟೇ ದೊಡ್ಡದಿರಲಿ, ಓಡಲಾರದು, ತಿರುಗಲಾರದು. ಚಿರತೆಗೆ ಅದು ಕಟ್ಟಿಟ್ಟ ಮೇಕೆ ಇದ್ದಂತೆ. ಮೇಲಾಗಿ ಡೇನ್ ಸ್ವಭಾವದಲ್ಲಿ ಕಾವಲುಗಾರನಲ್ಲ, ಮನೆಯವರ ಮೈಗೆ ಒರಗಿ ನಿಲ್ಲುವ ಜೀವ. ತೆಂಗಿನಕಾಯಿ ಕದಿಯುವವರಿಗೆ ಅದರ ದನಿ ಸಾಕಾಗಬಹುದು, ಆದರೆ ತೋಟದ ಮನೆಯಲ್ಲಿ ಒಂಟಿಯಾಗಿ ಬಿಟ್ಟರೆ ಅದು ಕೊರಗುತ್ತದೆ. ಕಾವಲಿಗಾದರೆ ಎರಡು ನಾಟಿ ನಾಯಿ ಸಾಕಿ, ಲಸಿಕೆ ಹಾಕಿಸಿ, ರಾತ್ರಿ ಬಾಗಿಲಿರುವ ಗೂಡಿಗೆ ಸೇರಿಸಿ, ಅಂಗಳಕ್ಕೊಂದು ದೀಪ ಹಾಕಿ ಎಂದೆ.

ಹಾಗಂತ ಯಾರಿಗೂ ಬೇಡ ಎನ್ನುವವನಲ್ಲ ನಾನು. ತುರುವೇಕೆರೆ ಹತ್ತಿರ ಒಂದು ಕೂಡುಕುಟುಂಬ ಡೇನ್ ಸಾಕಿದೆ. ನೆಲಮಟ್ಟದ ತೊಟ್ಟಿಮನೆ, ಒರಟು ಕಲ್ಲಿನ ಹಾಸು, ಮಧ್ಯಾಹ್ನವೂ ತಂಪು. ಅಣ್ಣತಮ್ಮಂದಿರು ಮೂವರೂ ಊರಲ್ಲೇ ಇದ್ದಾರೆ, ಅಂಗಳದಲ್ಲಿ ಪಿಕಪ್ ಇದೆ. ಹೊಟ್ಟೆ ಹೊಲಿಸಿದ್ದಾರೆ. ಆ ಮನೆಯ ಸೊಸೆ ಪ್ರತಿ ಬಾರಿಯೂ ತೂಕ ಬರೆದ ನೋಟ್‌ಬುಕ್ ತರುತ್ತಾರೆ. ನಾಯಿಗೆ ಈಗ ಎಂಟು, ಮುಖವೆಲ್ಲ ನರೆತಿದೆ, ನನ್ನನ್ನು ಕಂಡರೆ ಬಂದು ತೊಡೆಗೆ ಒರಗುತ್ತದೆ. ನಾನೇ ಎರಡು ಹೆಜ್ಜೆ ಹಿಂದೆ ಸರಿದು ಗೋಡೆ ಹಿಡಿಯಬೇಕಾಗುತ್ತದೆ.

ಗೌಡರು ಹದಿನೈದು ದಿನ ಬಿಟ್ಟು ಫೋನ್ ಮಾಡಿದರು.

"ಚೀಲ ಎತ್ತಿಸ್ದೆ ಡಾಕ್ಟ್ರೇ. ಮಗ ಒಬ್ನೇ ಎತ್ದ, ಸಲೀಸಾಗೇ."

"ಒಳ್ಳೇದಾಯ್ತಲ್ಲ."

"ಆಮೇಲೆ ಅವನವ್ವ ಕೇಳಿದ್ಳು, ಇಂಟರ್ವ್ಯೂ ಯಾವತ್ತಪ್ಪಾ ನಿಂದು ಅಂತ. ಸೋಮವಾರ ಅಂದ. ಪುಣೆನಾಗಂತೆ."

ಸ್ವಲ್ಪ ಹೊತ್ತು ಆ ಕಡೆಯಿಂದ ಕಾಯಿ ಸುಲಿಯುವ ಸದ್ದು ಮಾತ್ರ ಕೇಳುತ್ತಿತ್ತು.

"ನಾಟಿ ಮರಿಗೆ ಲಸಿಕೆ ಎಷ್ಟನೇ ವಾರಕ್ಕೆ ಹಾಕ್ಸಬೇಕು ಅಂದ್ರಿ ಅವತ್ತು?"