ನಾರ್ಮಲ್ ಎಂದು ಬರೆದ ಎಕ್ಸ್‌ರೇಯಲ್ಲಿ ಉಳಿದದ್ದು

ಎದೆಯ ಎಕ್ಸ್‌ರೇ ನೋಡುವ ರೇಡಿಯಾಲಜಿಸ್ಟ್ ಹುಡುಕುವುದು ಇಂದಿನ ಕಾಯಿಲೆಯನ್ನು: ನ್ಯುಮೋನಿಯಾ ಇದೆಯೇ, ಗಡ್ಡೆ ಇದೆಯೇ, ಶ್ವಾಸಕೋಶದ ಸುತ್ತ ನೀರು ತುಂಬಿದೆಯೇ? ಏನೂ ಕಾಣದಿದ್ದರೆ ‘ನಾರ್ಮಲ್’ ಎಂದು ಬರೆದು ಮುಂದಿನ ಚಿತ್ರಕ್ಕೆ ಹೋಗುತ್ತಾರೆ. ಹಾಗೆ ಬರೆದ ಚಿತ್ರದಲ್ಲೂ ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿ ಸುಣ್ಣ ಕಟ್ಟಿದ ಬಿಳಿ ಗೆರೆ, ತುಸು ಅಗಲವಾದ ಹೃದಯದ ನೆರಳು, ಸವೆದ ಬೆನ್ನುಮೂಳೆ ಇರಬಹುದು. ವಯಸ್ಸಾದವರಿಗೆ ಇವೆಲ್ಲ ಇದ್ದದ್ದೇ ಎಂದು ವರದಿಯಲ್ಲಿ ಅವಕ್ಕೆ ಜಾಗ ಸಿಗುವುದು ಕಡಿಮೆ.

ಹೀಗೆ ಬಿಟ್ಟುಹೋದದ್ದರಲ್ಲಿ ಆಯುಸ್ಸಿನ ಸುಳಿವೇನಾದರೂ ಇದೆಯೇ ಎಂದು ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಮೈಕೆಲ್ ಲೂ ಮತ್ತು ಸಂಗಡಿಗರು ಕೃತಕ ಬುದ್ಧಿಮತ್ತೆಯಿಂದ ಪರೀಕ್ಷಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಅವರಿಗೆ ಒದಗಿಬಂದದ್ದು 1990ರ ದಶಕದಲ್ಲಿ ಶುರುವಾದ ಅಮೆರಿಕದ ದೊಡ್ಡ ಕ್ಯಾನ್ಸರ್ ತಪಾಸಣಾ ಪ್ರಯೋಗವೊಂದರ ಎಕ್ಸ್‌ರೇಗಳು. 55ರಿಂದ 74 ವರ್ಷದೊಳಗಿನ ಸ್ವಯಂಸೇವಕರ ಮೇಲೆ ವರ್ಷಗಟ್ಟಲೆ ಕಣ್ಣಿಟ್ಟಿದ್ದರಿಂದ ಯಾರು ಬದುಕಿದರು, ಯಾರು ತೀರಿಕೊಂಡರು ಎಂಬ ಲೆಕ್ಕ ಆಗಲೇ ಸಿದ್ಧವಿತ್ತು. ಚಿತ್ರಗಳನ್ನೂ ಆ ಲೆಕ್ಕವನ್ನೂ ಜೊತೆಗಿಟ್ಟು ಯಂತ್ರಕ್ಕೆ ಕಲಿಸಿದರು. ಈ ತರಬೇತಿಗೆ ಬಳಸದಿದ್ದವರ ಚಿತ್ರಗಳನ್ನು ಕೊಟ್ಟಾಗ, ಯಂತ್ರವು ಅತಿ ಹೆಚ್ಚು ಅಪಾಯದವರೆಂದು ಗುರುತಿಸಿದವರಲ್ಲಿ ಶೇ 53ರಷ್ಟು ಮಂದಿ 12 ವರ್ಷಗಳಲ್ಲಿ ತೀರಿಕೊಂಡಿದ್ದರು. ಅತಿ ಕಡಿಮೆ ಅಪಾಯದವರಲ್ಲಿ ಆ ಪ್ರಮಾಣ ಶೇ 4ನ್ನೂ ಮುಟ್ಟಿರಲಿಲ್ಲ. ಮುದುಕರು ಬೇಗ ಸಾಯುತ್ತಾರೆಂದು ಹೇಳಲು ಯಂತ್ರ ಬೇಕೇ ಎಂದು ನನಗೂ ಅನ್ನಿಸಿತ್ತು. ಆದರೆ ವಯಸ್ಸು, ಲಿಂಗ, ಇತರ ಕಾಯಿಲೆಗಳು, ರೇಡಿಯಾಲಜಿಸ್ಟ್ ಗುರುತಿಸಿದ ದೋಷಗಳು ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಮೇಲೂ ಅಂತರ ಅಳಿಯಲಿಲ್ಲ.

ಇದೇ ಉಪಾಯವನ್ನು ವಾರ್ಡಿಗೆ ತಂದರೆ ಮಾತು ಬೇರೆ. ಎದ್ದು ನಿಲ್ಲಲಾಗದ ರೋಗಿಯ ಬಳಿಗೆ ಪೋರ್ಟಬಲ್ ಯಂತ್ರವನ್ನೇ ತಳ್ಳಿಕೊಂಡು ಬರುತ್ತಾರೆ. ಫಲಕವನ್ನು ಬೆನ್ನಿನಡಿಗೆ ತೂರಿಸಿ ಕಿರಣವನ್ನು ಎದೆಯ ಕಡೆಯಿಂದ ಹಾಯಿಸುವುದರಿಂದ, ಫಲಕಕ್ಕೆ ದೂರವಾದ ಹೃದಯದ ನೆರಳು ಇದ್ದದ್ದಕ್ಕಿಂತ ದೊಡ್ಡದಾಗಿ ಬೀಳುತ್ತದೆ. ನ್ಯುಮೋನಿಯಾ ಪತ್ತೆಹಚ್ಚುವ ನ್ಯೂರಲ್ ನೆಟ್‌ವರ್ಕುಗಳನ್ನು (ಚಿತ್ರಗಳನ್ನು ನೋಡಿ ಕಲಿಯುವ ಕೃತಕ ಬುದ್ಧಿಮತ್ತೆಯನ್ನು) ಬೇರೆಬೇರೆ ಆಸ್ಪತ್ರೆಗಳ ಚಿತ್ರಗಳ ಮೇಲೆ ಪರೀಕ್ಷಿಸಿದ 2018ರ ಅಮೆರಿಕದ ಅಧ್ಯಯನವೊಂದರಲ್ಲಿ, ಚಿತ್ರ ಯಾವ ಆಸ್ಪತ್ರೆಯದೆಂದು ಯಂತ್ರ ಹೆಚ್ಚುಕಡಿಮೆ ತಪ್ಪಿಲ್ಲದೆ ಹೇಳುತ್ತಿತ್ತು. ಟೆಕ್ನಿಷಿಯನ್ ಮೂಲೆಯಲ್ಲಿ ಇಟ್ಟ ಲೋಹದ ಗುರುತು ಕೂಡ ಅದಕ್ಕೆ ಸುಳಿವಾಗಿತ್ತು. ಶ್ವಾಸಕೋಶದ ಬದಲು ಇಂಥ ಸುಳಿವು ನೋಡಿ ಊಹಿಸುವ ಈ ಚಾಳಿಯನ್ನು ಸಾವಿನ ಮುನ್ಸೂಚನೆಯಲ್ಲಿ ಹಿಡಿಯುವುದು ಇನ್ನೂ ಕಷ್ಟ. ಹಾಸಿಗೆಯಲ್ಲೇ ಎಕ್ಸ್‌ರೇ ತೆಗೆಸಿಕೊಂಡವರಿಗೆ ಸಾವಿನ ಅಪಾಯ ಹೆಚ್ಚೆಂಬುದು ಸುಳ್ಳಲ್ಲ, ಆದರೆ ಪೋರ್ಟಬಲ್ ಯಂತ್ರ ಕಳಿಸಿ ಎಂದು ಬರೆದ ವೈದ್ಯರಿಗೆ ಅದು ಮೊದಲೇ ಗೊತ್ತು.

ಬಾಸ್ಟನ್ ತಂಡ ಬಳಸಿದ ಚಿತ್ರಗಳು ತಾವಾಗಿ ನಡೆದು ಬಂದವರವಾದ್ದರಿಂದ ಅಲ್ಲಿ ಹಾಸಿಗೆಯ ಎಕ್ಸ್‌ರೇ ಎಂಬ ಈ ಅಡ್ಡದಾರಿಗೆ ಎಡೆಯಿರಲಿಲ್ಲ. ಅವರಲ್ಲಿ ಬಹುಪಾಲು ಅಮೆರಿಕದ ಬಿಳಿಯರು. ವಾಸಿಯಾದ ಕ್ಷಯ ಬಿಟ್ಟುಹೋದ ಕಲೆಗಳು ಅಪರೂಪವಲ್ಲದ ನಮ್ಮವರ ಎಕ್ಸ್‌ರೇಗಳಿಗೆ ಅದೇ ಯಂತ್ರದಿಂದ ಅಪಾಯದ ಅಂಕ ಹಾಕಿಸುವ ಮೊದಲು, ಇಲ್ಲಿಯ ಜನರನ್ನೂ ಅಷ್ಟೇ ವರ್ಷ ಬಿಡದೆ ವಿಚಾರಿಸಿಕೊಂಡ ದಾಖಲೆ ಕೈಯಲ್ಲಿರಬೇಕು.