ಗುಡ್ಡದ ಹುಲ್ಲು ಕತ್ತರಿಸಲು ಗೇರೋ, ಹೈಡ್ರೋಸ್ಟ್ಯಾಟಿಕ್ಕೋ?

ಸಣ್ಣ ಟ್ರ್ಯಾಕ್ಟರ್ ನೋಡುವಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಅಶ್ವಶಕ್ತಿಯ ಕಡೆಗೆ. ಇಳಿಜಾರಿನಲ್ಲಿ ಮೋವರ್ ಓಡಿಸುವವರು ಅದಕ್ಕೂ ಮೊದಲು ಎರಡು ಪ್ರಶ್ನೆ ಕೇಳಬೇಕು. ಬ್ಲೇಡಿನ ವೇಗ ಇಳಿಯದಂತೆ ಗಾಡಿಯ ವೇಗವನ್ನಷ್ಟೇ ಇಳಿಸಬಹುದೇ? ಹಾಗೆ ಇಳಿಸುವಾಗ ಎಂಜಿನ್ನಿಗೂ ಚಕ್ರಕ್ಕೂ ಇರುವ ಹಿಡಿತ ತಪ್ಪದೆ ಉಳಿಯುತ್ತದೆಯೇ?

ಹಿಂದೆ ಕಟ್ಟುವ ಮೋವರ್‌ಗೆ ಎಂಜಿನ್ನಿನ ಶಕ್ತಿ ಒಯ್ಯುವ ಪಿಟಿಒ (ಪವರ್ ಟೇಕ್-ಆಫ್) ದಂಡ ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು ತಿರುಗಬೇಕು. ಗೇರ್ ಟ್ರ್ಯಾಕ್ಟರಿನಲ್ಲಿ ಥ್ರಾಟಲ್ ತಗ್ಗಿಸಿದರೆ ಬ್ಲೇಡೂ ನಿಧಾನವಾಗುತ್ತದೆ. ಹುಲ್ಲು ಕತ್ತರಿಸುವ ಬದಲು ಹರಿಯುತ್ತದೆ. ಕ್ಲಚ್ ಒತ್ತಿ ಗೇರ್ ಬದಲಿಸಲು ಹೋದರೆ ಆ ಹೊತ್ತಿಗೆ ಗಾಡಿಯನ್ನು ಹಿಡಿದಿಡುವುದು ಬ್ರೇಕ್ ಒಂದೇ. ಅಮೆರಿಕದ ಜಮೀನುಗಳಲ್ಲಿ ಹೆಸರಾದ ಫೋರ್ಡ್ 8ಎನ್ (1947–52) ಮಾದರಿಯಲ್ಲಿ ತೊಂದರೆ ಇನ್ನೂ ಹೆಚ್ಚು. ಅದರ ಪಿಟಿಒ ಗೇರ್‌ಬಾಕ್ಸಿಗೇ ಜೋಡಿಕೊಂಡಿರುವುದರಿಂದ, ಕ್ಲಚ್ ಒತ್ತಿದರೂ ತಿರುಗುತ್ತಿರುವ ಬ್ಲೇಡುಗಳ ರಭಸ ಹಿಂದಿನಿಂದ ಟ್ರ್ಯಾಕ್ಟರನ್ನು ತಳ್ಳುತ್ತದೆ. ಇದನ್ನು ತಪ್ಪಿಸಲು ಸೈಕಲ್ಲಿನ ಫ್ರೀವೀಲ್‌ನಂತೆ ಒಂದೇ ಕಡೆಗೆ ಬಲ ದಾಟಿಸುವ ಓವರ್‌ರನ್ನಿಂಗ್ ಕ್ಲಚ್ ಹಾಕುತ್ತಾರೆ. ಈಗಿನ ಮಾದರಿಗಳಲ್ಲಿ ಸ್ವತಂತ್ರ ಪಿಟಿಒ, ಅಂದರೆ ಗಾಡಿಯ ಕ್ಲಚ್ಚಿನ ಹಂಗಿಲ್ಲದೆ ತಿರುಗುವಂಥದ್ದು, ಇದೆಯೇ ಎಂದು ಕೇಳಿಯೇ ಮುಂದುವರಿಯಿರಿ.

ಹೈಡ್ರೋಸ್ಟ್ಯಾಟಿಕ್ ವ್ಯವಸ್ಥೆಯಲ್ಲಿ ಎಂಜಿನ್ ಒಂದು ಪಂಪನ್ನು ತಿರುಗಿಸುತ್ತದೆ, ಪಂಪಿನ ಎಣ್ಣೆ ಮೋಟರನ್ನು, ಮೋಟರ್ ಚಕ್ರಗಳನ್ನು. ಪೆಡಲ್ ಒತ್ತಿದಾಗ ಪಂಪಿನೊಳಗಿನ ತಟ್ಟೆಯ ಓರೆ ಬದಲಾಗಿ ಎಣ್ಣೆಯ ಹರಿವು ಹೆಚ್ಚುತ್ತದೆ. ಎಂಜಿನ್ ಪೂರ್ಣ ವೇಗದಲ್ಲೇ ಇರುತ್ತದೆ, ಗಾಡಿ ಮಾತ್ರ ಕಾಲಿನ ಮಾತು ಕೇಳುತ್ತದೆ. ಮರ, ಬಂಡೆ, ತಿರುವು ಹೆಚ್ಚಿರುವ ಗುಡ್ಡಕ್ಕೆ ನನ್ನ ಆಯ್ಕೆ ಇದೇ, ಅನುಮಾನವೇ ಇಲ್ಲ. ಎಣ್ಣೆಯ ಮೂಲಕ ಶಕ್ತಿ ಸಾಗುವಾಗ ಒಂದಿಷ್ಟು ಶಾಖವಾಗಿ ಸೋರುತ್ತದೆ, ಬೆಲೆಯೂ ಹೆಚ್ಚು. ಆ ನಷ್ಟವನ್ನು ಒಪ್ಪಿಕೊಳ್ಳಬಹುದು.

ಹೊಸಬರು ಎಡವುವುದು ಏರಿನಲ್ಲಿ. ಎಂಜಿನ್ ನರಳತೊಡಗಿದರೆ ಕಾರಿನ ಅಭ್ಯಾಸದಂತೆ ಪೆಡಲನ್ನು ಇನ್ನಷ್ಟು ಒತ್ತಬಾರದು, ಸಡಿಲಿಸಬೇಕು. ಒತ್ತಿದಷ್ಟೂ ಎತ್ತರದ ಗೇರಿಗೆ ಹೋದ ಹಾಗೆ. ಎಂಜಿನ್ ಇನ್ನೂ ಕುಗ್ಗುತ್ತದೆ. ಗುಡ್ಡಕ್ಕೆ ಇಳಿಯುವ ಮೊದಲೇ, ಸಮತಟ್ಟಿನಲ್ಲೇ, ಲೋ ರೇಂಜ್ (ನಿಧಾನದ ಗೇರ್ ಶ್ರೇಣಿ) ಹಾಕಿಕೊಳ್ಳಿ. ಇಳಿಜಾರಿನ ನಡುವೆ ರೇಂಜ್ ಲಿವರ್ ಮುಟ್ಟಿದರೆ ಅದು ನ್ಯೂಟ್ರಲ್ ದಾಟಿಯೇ ಹೋಗಬೇಕು. ಆಗ ಎಣ್ಣೆಯ ಹಿಡಿತವೂ ಹೋಯಿತು, ಗಾಡಿ ತನ್ನಷ್ಟಕ್ಕೆ ಉರುಳುತ್ತದೆ. ಪೆಡಲ್ ಬಿಟ್ಟರೆ ನಿಂತಿತೆಂದು ನಂಬಿ ಇಳಿಯಲೂ ಬೇಡಿ. ಒಳಗೆ ಎಣ್ಣೆ ಸ್ವಲ್ಪಸ್ವಲ್ಪವೇ ನುಸುಳುವುದರಿಂದ ಟ್ರ್ಯಾಕ್ಟರ್ ತೆವಳುತ್ತದೆ. ಪಾರ್ಕಿಂಗ್ ಬ್ರೇಕ್ ಹಾಕಲೇಬೇಕು.

ಪವರ್ ಶಟಲ್ ನಡುವಿನ ದಾರಿ: ಹಿಂದೆ–ಮುಂದೆ ಹೋಗಲು ಕ್ಲಚ್ ಪೆಡಲ್ ಬೇಡ, ಆದರೆ ವೇಗ ಗೇರಿನದೇ. ಉದ್ದನೆಯ, ಅಡೆತಡೆಯಿಲ್ಲದ ಹುಲ್ಲುಗಾವಲಿಗೆ ಇದು ಸಾಕು. ಅಂಥ ಕಡೆ ಮೊದಲೇ ಸರಿಯಾದ ಗೇರ್ ಆರಿಸಿಕೊಂಡರೆ ಸಾದಾ ಗೇರೂ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಶಕ್ತಿಯೂ ಉಳಿಯುತ್ತದೆ.

ಯಾವ ಗೇರ್‌ಬಾಕ್ಸ್ ಆದರೂ ಇಳಿಯುವಾಗ ನಾಲ್ಕು ಚಕ್ರದ ಡ್ರೈವ್ ಹಾಕಿರಲಿ. ಹೆಚ್ಚಿನ ಸಣ್ಣ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಇಳಿಯುವಾಗ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಮುಂದಿನವೂ ಜೋಡಿಕೊಂಡಿದ್ದರೆ ತಡೆಯುವ ಬಲ ನಾಲ್ಕಕ್ಕೂ ಹಂಚಿಹೋಗುತ್ತದೆ. ಕೈಪಿಡಿ ಓದುವಾಗ ಡಿಗ್ರಿಯನ್ನೂ ಶೇಕಡಾವನ್ನೂ ಬೆರೆಸಬೇಡಿ: 15 ಡಿಗ್ರಿ ಎಂದರೆ ಸುಮಾರು ಶೇ. 27ರ ಇಳಿಜಾರು, ಶೇ. 100 ಎಂದರೆ 45 ಡಿಗ್ರಿ.